ನಾಳೆ ಬಾ ಎಂದವಳ ಪ್ರಮಾಣಪತ್ರ

ವಿಶ್ವವಿದ್ಯಾಲಯದ ಮಾನ್ಯ ಕುಲಪತಿಗಳೇ,

ನನ್ನ ವಿದ್ಯಾರ್ಥಿನಿ ನೀಲಮಳಿಗೆ ಈ ಸಲ ಪರೀಕ್ಷೆಗೆ ಕೂರುವ ಅವಕಾಶವಿಲ್ಲವಂತೆ. ತಪ್ಪು ನನ್ನದು, ಶಿಕ್ಷೆ ಅವಳಿಗೆ. ನನಗೆ ಮಾತ್ರ ತಮ್ಮ ಸಹಿಯಿರುವ ತರಬೇತಿಯ ಪ್ರಮಾಣಪತ್ರ ಬಂದಿದೆ, ಅತ್ಯುತ್ತಮ ಶ್ರೇಣಿಯಲ್ಲಿ.

ಗಡಿ ತಾಲ್ಲೂಕುಗಳ ಅಧ್ಯಾಪಕರು ಆನ್‌ಲೈನ್ ತರಬೇತಿಯನ್ನು ಮನಸಾರೆ ಒಪ್ಪಿಕೊಂಡಿದ್ದಾರೆಂದು ತಾವು ಮೊನ್ನೆ ಹೇಳಿಕೆ ಕೊಟ್ಟಿರಿ. ಹೇಗೆ ಒಪ್ಪಿಕೊಂಡಿದ್ದೇವೆಂದು ಚಿಕ್ಕೋಡಿಯ ನಮ್ಮ ಕಾಲೇಜಿಗೆ ಬಂದು ನೋಡಬೇಕಿತ್ತು. ಸ್ಟಾಫ್ ರೂಮಿನ ಮೇಜಿನ ಮೇಲೆ ಎಲ್ಲರ ಫೋನುಗಳು ಸಾಲಾಗಿ ಮಲಗಿರುತ್ತವೆ. ಎಲ್ಲದರಲ್ಲೂ ಒಂದೇ ಪಾಠ, ದನಿ ಮಾತ್ರ ಬಂದ್. ಆಗಾಗ ಪರದೆಯ ಮೇಲೆ 'ನೀವು ಇದ್ದೀರಾ?' ಎಂಬ ಪ್ರಶ್ನೆ ಮೂಡುತ್ತದೆ. ಕ್ಲಾಸ್ ಇಲ್ಲದವರೊಬ್ಬರು ಕೂತು ಎಲ್ಲರ ಪರವಾಗಿ 'ಇದ್ದೇನೆ' ಎಂದು ಒತ್ತುತ್ತಾರೆ. ಇದಕ್ಕೆ ಪಾಳಿ ಹಚ್ಚಿಕೊಂಡಿದ್ದೇವೆ. ಪಾಠ, ಮೌಲ್ಯಮಾಪನ, ಪ್ರವೇಶದ ಕೆಲಸಗಳ ನಡುವೆ ಬಿಡುವೇ ಕೊಡದೆ ತರಬೇತಿ ಹೇರಿದವರು ತಾವಲ್ಲವೇ ಎಂದು ವಾದಿಸಬಹುದು. ಇಷ್ಟು ದಿನ ಹಾಗೇ ವಾದಿಸಿದ್ದೇನೆ. ಈಗ ಆ ವಾದ ನನಗೇ ಒಪ್ಪಿಗೆಯಾಗುತ್ತಿಲ್ಲ.

ಕಳೆದ ಶುಕ್ರವಾರ ನನ್ನ ಪಾಳಿ. ಪಾಠ ಮುಗಿದು ಪ್ರಶ್ನೋತ್ತರ ಶುರುವಾಗಿತ್ತು. ಅಷ್ಟರಲ್ಲಿ ನೀಲಮ ಬಾಗಿಲಿಗೆ ಬಂದು ನಿಂತಳು. ಬೋರಗಾಂವದ ಹುಡುಗಿ, ಬಿ.ಎ. ಅಂತಿಮ ವರ್ಷ. ತಾಯಿ ಸತ್ತೆವ್ವ ಅಲ್ಲೇ ಪವರ್‌ಲೂಮಿನಲ್ಲಿ ದುಡಿಯುತ್ತಾಳೆ. ಮಕ್ಕಳ ಪರೀಕ್ಷಾ ಅರ್ಜಿಗಳಿಗೆ ಕಂಪ್ಯೂಟರಿನಲ್ಲಿ ಒಪ್ಪಿಗೆ ಕೊಡುವ ಹೊಣೆ ನನ್ನದು.

"ಮೇಡಂ, ನನ್ನ ಅರ್ಜಿ ಇನ್ನೂ..."

"ಟ್ರೇನಿಂಗ್ ನಡದೈತಿ ನೀಲಮಾ. ನಾಳೆ ಬಾ."

ತಲೆ ಎತ್ತಿಯೂ ನೋಡಲಿಲ್ಲ. ಪರದೆಯ ಮೇಲಿದ್ದ ಪ್ರಶ್ನೆ: ವಿದ್ಯಾರ್ಥಿ ತೊಂದರೆ ಹೇಳಿಕೊಳ್ಳಲು ಬಂದಾಗ ಅಧ್ಯಾಪಕರು ಮೊದಲು ಏನು ಮಾಡಬೇಕು? 'ಕೈಲಿರುವ ಕೆಲಸ ಬದಿಗಿಟ್ಟು ಕೇಳಿಸಿಕೊಳ್ಳಬೇಕು' ಎಂದು ಎಲ್ಲ ಫೋನುಗಳಲ್ಲೂ ಒತ್ತಿದೆ. ಎಲ್ಲರಿಗೂ ಪೂರ್ತಿ ಅಂಕ ಬಂತು.

ಅರ್ಜಿಗೆ ಅಂದೇ ಕೊನೆಯ ದಿನವೆಂದು ನನಗೆ ನೆನಪಾದದ್ದು ಮರುದಿನ, ಒಪ್ಪಿಗೆಯ ಗುಂಡಿಯೇ ಮಾಯವಾದಾಗ. ಅವಳು ಬೈದಿದ್ದರೆ ಸಹಿಸುತ್ತಿದ್ದೆ. "ಇರ್ಲಿ ಬಿಡ್ರಿ ಮೇಡಂ. ನಿಮ್ದೂ ಕಲಿಯೂದು ಇತ್ತಲ್ರಿ," ಅಂದಳು. ಅದರಲ್ಲಿ ಕುಹಕವಿರಲಿಲ್ಲ. ನಾನು ಕಲಿಯುತ್ತಿದ್ದೆನೆಂದೇ ಆ ಹುಡುಗಿ ನಂಬಿದ್ದಾಳೆ. ಅಂದಿನಿಂದ ಅವಳ ಮುಖ ನೋಡಲು ನಾಚಿಕೆಯಾಗುತ್ತಿದೆ.

ತಮ್ಮ ಕಚೇರಿಗೆ ಫೋನ್ ಮಾಡಿದರೆ, "ಸಿಸ್ಟಂ ತಗೊಳ್ಳಂಗಿಲ್ರಿ," ಎಂಬ ಉತ್ತರ. ಎಂಥ ಶಿಸ್ತಿನ ಸಿಸ್ಟಂ! ಅಥಣಿಯ ಮದುವೆಯೊಂದರಲ್ಲಿ ಪಂಕ್ತಿಗೆ ಕೂತಿದ್ದ ನಮ್ಮ ಸಹೋದ್ಯೋಗಿಯನ್ನು ತರಬೇತಿಯಲ್ಲಿ ಹಾಜರಿದ್ದಾರೆಂದು ಒಪ್ಪಿಕೊಂಡಿತು. ವರ್ಷವಿಡೀ ಬಸ್ಸಿನಲ್ಲಿ ನಿಂತು ಬಂದು ಕ್ಲಾಸಿಗೆ ಕೂತ ಹುಡುಗಿಯನ್ನು ಮಾತ್ರ ಒಪ್ಪುವುದಿಲ್ಲವೇ? ಈ ಪತ್ರದ ಸುದ್ದಿ ಕೇಳಿ ಹಿರಿಯರಾದ ಭಾವುಸಾಹೇಬ ಸರ್, "ನಮ್ಮನ್ನೂ ಮುಳುಗಸ್ತೀರೇನ್ರಿ ಪೂನಮ ಮೇಡಂ?" ಎಂದರು. ಕ್ಷಮೆ ಕೇಳಿದೆ, ಬರೆಯುವುದನ್ನು ಬಿಡಲಿಲ್ಲ.

ಸೋಮವಾರ ಪರೀಕ್ಷೆ ಶುರು. ಇದು ಕೈತಪ್ಪಿದರೆ ನೀಲಮ ತಾಯಿಯ ಪಕ್ಕದ ಮಗ್ಗಕ್ಕೆ ಹೋಗುವುದೆಂದು ಮನೆಯಲ್ಲಿ ಮಾತಾಗಿದೆ. ಸಿಸ್ಟಂ ತೆಗೆದುಕೊಳ್ಳದಿದ್ದರೆ ತಾವೇ ಕೈಯಾರೆ ಅವಳ ಅರ್ಜಿ ತೆಗೆದುಕೊಳ್ಳಿ. ನನ್ನ ಪ್ರಮಾಣಪತ್ರ ಇದರ ಜೊತೆಗಿದೆ, ರದ್ದು ಮಾಡಿ. ನನ್ನ ಮೇಲೆ ಯಾವ ಕ್ರಮವಾದರೂ ಸರಿ. ಸೋಮವಾರ ಬೆಳಿಗ್ಗೆ ಅವಳನ್ನು ಕರೆದುಕೊಂಡು ಪರೀಕ್ಷಾ ಕೊಠಡಿಯ ಬಾಗಿಲಲ್ಲಿ ನಿಂತಿರುತ್ತೇನೆ. ದಯವಿಟ್ಟು ತಾವೂ ನಾಳೆ ಬಾ ಎನ್ನಬೇಡಿ.

ಇಂತಿ,
ಎಲ್ಲರ ಫೋನಿನಲ್ಲೂ ಇದ್ದು, ಎದುರಿಗಿದ್ದವಳಿಗೆ ಇಲ್ಲವಾದ
ಪೂನಮ
ಅರ್ಥಶಾಸ್ತ್ರ ಉಪನ್ಯಾಸಕಿ, ಚಿಕ್ಕೋಡಿ