ಮಿಜುಕುಚಿ ಗುಡಿಯ ಪೆಟ್ಟಿಗೆ

ಆಗಸ್ಟ್ 41, 2191
ಸುಗಿನೋಸಾವಾ ಕಣಿವೆ, ಜಪಾನ್

ಒಂದೂವರೆ ಶತಮಾನದ ಹಿಂದೆ ಇರುವವರೇ,

ತಾರೀಕು ನೋಡಿ ನಗಬೇಡಿ. ಬೇಸಿಗೆ ಮುಗಿಯುವುದೇ ಇಲ್ಲವೆಂದು ನಮ್ಮವರು ತಿಂಗಳನ್ನೇ ಉದ್ದ ಮಾಡಿಕೊಂಡಿದ್ದಾರೆ. ನೀವು ಕೇಳಿರದ ಮಾತುಗಳು ಈ ಪತ್ರದಲ್ಲಿ ನುಸುಳಿದರೆ ಕ್ಷಮೆಯಿರಲಿ, ಅಲ್ಲಲ್ಲೇ ಅರ್ಥ ಹೇಳುತ್ತೇನೆ. ನನ್ನ ಹೆಸರು ಕುಮುದಿನಿ, ಉದ್ಯೋಗ ಸಂಶಯಪಡುವುದು. ಸರ್ಕಾರಿ ಭಾಷೆಯಲ್ಲಿ ಇದಕ್ಕೆ ‘ಹಳಮೆ ತಪಾಸಣೆ’ ಎನ್ನುತ್ತಾರೆ. ಪುರಾತನವೆಂದು ಹೇಳಿಕೊಳ್ಳುವ ಜಾಗ ನಿಜಕ್ಕೂ ಪುರಾತನವೇ ಎಂದು ನೋಡಿ ವರದಿ ಕೊಡಬೇಕು. ನಮ್ಮ ಕಾಲದಲ್ಲಿ ಅರಮನೆ, ಕೋಟೆ, ಕೊನೆಗೆ ಗೋಡೆಯ ಪಾಚಿಯನ್ನೂ ಅಚ್ಚೊತ್ತಿ ಮಾರುತ್ತಾರೆ. ಯಾರನ್ನು ನಂಬುವುದು ಹೇಳಿ?

ಈ ಕಣಿವೆಯಲ್ಲಿ ಮಿಜುಕುಚಿ ಎಂಬ ಪುಟ್ಟ ಶಿಂತೋ ಗುಡಿಯಿದೆ, ತೊರೆಯ ದೇವರದು. ಅದರಲ್ಲಿ ಮೂಲಕಾಲದ ವಸ್ತು ಒಂದಾದರೂ ಇದ್ದರೆ ಗುಡಿ ಉಳಿಯುತ್ತದೆ. ಇಲ್ಲದಿದ್ದರೆ ಕೆಡವಿ, ಅಲ್ಲಿ ನೀರಿನ ತೊಟ್ಟಿ ಕಟ್ಟುತ್ತಾರೆ.

ಕೆಂಪು ಕಮಾನಿನ ಕೆಳಗೆ ಗುಡಿ ನೋಡಿಕೊಳ್ಳುವ ಫುಕಿಯೆ ಅಜ್ಜಿ ಕಾದಿದ್ದರು. ನನ್ನ ಕಿವಿಯಲ್ಲಿ ‘ಕಿವಿಗುಬ್ಬಿ’ ಇತ್ತು, ಪರಭಾಷೆಯನ್ನು ಕನ್ನಡ ಮಾಡಿ ಉಲಿಯುವ ಯಂತ್ರ. ಅದನ್ನು ಮಾಡಿದವನು ಹುಬ್ಬಳ್ಳಿಯವನು, ಹಾಗಾಗಿ ಇಡೀ ಜಪಾನು ನನ್ನೊಡನೆ ಹುಬ್ಬಳ್ಳಿ ಮಾತೇ ಆಡುತ್ತದೆ.

“ಬರ್ರಿ ಅಕ್ಕಾರ, ಮೊದ್ಲ ಕೈ ಬಾಯಿ ತೊಳ್ಕೋರಿ. ಸಾವಿರ ವರ್ಷದ ಗುಡಿ ಇದು,” ಎಂದರು ಅಜ್ಜಿ.

ತೊಳೆದುಕೊಂಡು ಕಂಬ ಮುಟ್ಟಿದೆ. ಇನ್ನೂ ಹೊಸ ಮರದ ವಾಸನೆ! ಅಬ್ಬಾ, ಸುಳ್ಳಿಗೂ ಒಂದು ಮಿತಿ ಬೇಡವೇ? ಕೇಳಿದ್ದಕ್ಕೆ ಅಜ್ಜಿಯೇ ನನ್ನನ್ನು ವಿಚಿತ್ರವಾಗಿ ನೋಡಿದರು. “ತಲಿಮಾರಿಗೊಮ್ಮೆ ಕೆಡವಿ ಹೊಸಾದು ಕಟ್ತೀವ್ರಿ. ಅದಕ್ಕ ಹಳೇದು ಉಳದೈತಿ.” ಇಂಥ ಸಮಜಾಯಿಷಿ ನಮ್ಮ ಕಚೇರಿಯಲ್ಲಿ ನಡೆಯುವುದಿಲ್ಲ.

ಇನ್ನು ಉಳಿದದ್ದು ಗರ್ಭಗುಡಿಯ ಪೆಟ್ಟಿಗೆ. ದೇವರ ಗುರುತು ಅದರಲ್ಲಿದೆಯಂತೆ. ಅಜ್ಜಿ ಕಂಡಿಲ್ಲ, ಅರ್ಚಕರೂ ಕಂಡಿಲ್ಲ, ನೋಡುವ ಪದ್ಧತಿಯೇ ಇಲ್ಲ. ಹೊಸ ಗುಡಿ ಎದ್ದಾಗ ದೀಪ ಆರಿಸಿ, ಸುತ್ತ ಬಿಳಿ ಪರದೆ ಹಿಡಿದು, ಉಸಿರು ತಾಗದಂತೆ ಬಾಯಿಗೆ ಬಟ್ಟೆ ಕಟ್ಟಿಕೊಂಡು ಒಬ್ಬರು ಅದನ್ನು ಹೊತ್ತೊಯ್ಯುತ್ತಾರೆ. ಕಳೆದ ಸಲ ಹೊತ್ತವರು ಅಜ್ಜಿಯ ಗಂಡ. ಹೋದ ಚಳಿಗಾಲದಲ್ಲಿ ತೀರಿಕೊಂಡರು.

“ಭಾಳ ವಜ್ಜಾ ಇತ್ತಂತ್ರಿ. ವಾರಗಟ್ಲೆ ನಾನ ಅವ್ರ ಭುಜಕ್ಕ ಎಣ್ಣಿ ತಿಕ್ಕೀನಿ.”

ಯಾರೂ ನೋಡದ ವಸ್ತುವಿಗಿಂತ ಅನುಮಾನದ ವಸ್ತು ಬೇರೆ ಉಂಟೇ? ‘ತೂರುಗಾಜು’ ತೆಗೆದೆ. ಮರದಾಚೆಯದನ್ನೂ ತೋರಿಸುವ ಗಾಜು ಅದು. ಅಜ್ಜಿ ಅಡ್ಡ ಬರುತ್ತಾರೆ ಅಂದುಕೊಂಡೆ, ಬರಲಿಲ್ಲ.

“ನೋಡ್ರಿ, ನಿಮ್ಮ ಕೆಲಸ ಅದು. ಆದ್ರ ಏನ್ ಕಂಡ್ತು ಅಂತ ನನಗ ಮಾತ್ರ ಹೇಳಬ್ಯಾಡ್ರಿ,” ಎಂದು ಬೆನ್ನು ತಿರುಗಿಸಿ ನಿಂತರು.

ಪೆಟ್ಟಿಗೆ ಖಾಲಿಯಿತ್ತು. ತೆಳು ಹಲಗೆಯದು, ಮಗು ಕೂಡ ಎತ್ತಬಹುದು.

ಸಿಕ್ಕಿಬಿದ್ದರು ಎಂದು ಒಂದು ಕ್ಷಣ ಖುಷಿಯೇ ಆಯಿತು, ಮುಚ್ಚಿಡುವುದಿಲ್ಲ. ಆಮೇಲೆ ಅಜ್ಜಿಯ ಗಂಡ ನೆನಪಾದರು. ಆ ಮನುಷ್ಯ ಹಗುರ ಪೆಟ್ಟಿಗೆಯನ್ನು ಭಾರವೆಂಬಂತೆ ಹೊತ್ತು ನಡೆದು, ನೋಯದ ಭುಜಕ್ಕೆ ಎಣ್ಣೆ ತಿಕ್ಕಿಸಿಕೊಂಡಿದ್ದರು. ಅವರಿಗಿಂತ ಮುಂಚೆ ಹೊತ್ತವರೂ ಹಾಗೆಯೇ ಇರಬೇಕು. ತಿಕ್ಕಿದ ಕೈಗೆ ಗೊತ್ತಾಗಿರಲಿಲ್ಲವೇ? ಅಜ್ಜಿಯ ಮೇಲೆ ನನಗೆ ಈಗಲೂ ಗುಮಾನಿಯಿದೆ.

ವರದಿಯಲ್ಲಿ ‘ಮೂಲವಸ್ತು ಇದೆ’ ಎಂದು ಬರೆದುಬಿಟ್ಟೆ. ಈ ಕೆಲಸಕ್ಕೆ ಸೇರಿದ ಮೇಲೆ ನಾನು ಬರೆದ ಮೊದಲ ಸುಳ್ಳು. ಆದರೆ ನಮ್ಮಲ್ಲಿ ಒಬ್ಬರ ಮಾತನ್ನು ಇನ್ನೊಬ್ಬರು ನಂಬುವುದಿಲ್ಲ. ನಾಡಿದ್ದು ಮರುತಪಾಸಣೆಗೆ ಬರುವವನು ನನಗಿಂತ ದೊಡ್ಡ ಸಂಶಯಪಿಶಾಚಿ. ಅದಕ್ಕೇ ನಿಮಗೆ ಈ ಪತ್ರ.

ನಿಮ್ಮ ಕಾಲದಲ್ಲೂ ಈ ಗುಡಿಯನ್ನು ಹೊಸದಾಗಿ ಕಟ್ಟುತ್ತಾರೆ, ಯಾರೋ ಒಬ್ಬರು ಪೆಟ್ಟಿಗೆ ಹೊರುತ್ತಾರೆ. ಆಗ ಇಲ್ಲಿಗೆ ಬನ್ನಿ. ಕಮಾನಿನ ಬಳಿ ತಲೆಬಾಗಿ, ಕೈ ತೊಳೆದು, ತೊರೆಯಿಂದ ಒಂದು ಕಲ್ಲು ಆರಿಸಿ ಪೆಟ್ಟಿಗೆಯೊಳಗಿಡಲು ಹೊರುವವರ ಕೈಗೆ ಗುಟ್ಟಾಗಿ ಕೊಡಿ. ಸ್ವಲ್ಪ ಭಾರದ್ದೇ ಇರಲಿ. ಯಾರಿಗೂ ಹೇಳಬೇಡಿ.

ನೀವು ಕೊಡುತ್ತೀರೆಂಬ ನಂಬಿಕೆ ನನಗಿಲ್ಲ. ಬೇಜಾರು ಮಾಡಿಕೊಳ್ಳಬೇಡಿ, ನನ್ನ ಸ್ವಭಾವವೇ ಹೀಗೆ. ಆದರೂ ನಾಡಿದ್ದು ಅವನು ಗಾಜು ಹಿಡಿಯುವಾಗ, ನಾನೂ ಅಜ್ಜಿಯ ಪಕ್ಕದಲ್ಲಿ ಬೆನ್ನು ತಿರುಗಿಸಿ ನಿಂತಿರುತ್ತೇನೆ.

ಇಂತು,
ಕುಮುದಿನಿ