ಹಗ್ಗದ ಮೂರು ಎಳೆತ

ತೆಂಕಣ ಕೊಲ್ಲಿ,
2419, ಹದಿಮೂರನೆಯ ತಿಂಗಳು (ನಮ್ಮ ವರ್ಷಕ್ಕೆ ಹದಿಮೂರು ತಿಂಗಳು), ನಾಲ್ಕನೆಯ ದಿನ

ಹಿಂದೆ ಬಾಳಿದ ಹಿರಿಯರಿಗೆ ದೇವಕಿ ಖಾರ್ವಿಯ ನಮಸ್ಕಾರ.

ನನ್ನ ಮಾತು ಅಲ್ಲಲ್ಲಿ ವಿಚಿತ್ರವೆನಿಸಿದರೆ ಕ್ಷಮಿಸಿ. ನಿಮ್ಮ ಕನ್ನಡವನ್ನು ಹಳೆಯ ಪುಸ್ತಕಗಳಿಂದ ಕಲಿತವಳು ನಾನು. ಈ ಕಾಗದ ಹಿಂದಂಚೆಯಲ್ಲಿ ಬರುತ್ತಿದೆ. ಹಿಂದಂಚೆ ಎಂದರೆ ಕಳೆದ ಕಾಲಕ್ಕೆ ಕಾಗದ ಒಯ್ಯುವ ಅಂಚೆ. ಮುನ್ನೂರೈವತ್ತು ವರ್ಷಕ್ಕಿಂತ ಈಚೆಗೆ ಅದು ಏನನ್ನೂ ಮುಟ್ಟಿಸದು. ಹೋದ ತಿಂಗಳಿಗೆ ಮುಟ್ಟಿಸುವಂತಿದ್ದರೆ ಶೇವಂತಕ್ಕನಿಗೇ ಬರೆಯುತ್ತಿದ್ದೆ, ನಿಮಗಲ್ಲ. ಬೇಸರ ಮಾಡಿಕೊಳ್ಳಬೇಡಿ.

ತಣ್ಣನೆಯ ಕಡಲು ಈಗ ಉಳಿದಿರುವುದು ಈ ಕೊಲ್ಲಿಯಲ್ಲಿ ಮಾತ್ರ. ನಾನು ಮುಳುಗುವವಳು, ಶೇವಂತಕ್ಕ ದೋಣಿಯಲ್ಲಿ ಕುಳಿತು ನನ್ನ ಸೊಂಟದ ಹಗ್ಗ ಹಿಡಿಯುವವಳು. ಮೈಗೆ ನೀರು ತಾಗಿಸದ ಒಣಗವಸು ತೊಟ್ಟು, ಬೆನ್ನಿಗೆ ಗಾಳಿ ಸಿಲಿಂಡರ್ ಕಟ್ಟಿ ಇಳಿದರೆ ಮೊದಲ ನಿಮಿಷ ಹಣೆ ಸಿಡಿಯುತ್ತದೆ. ಯಾವ ಕರ್ಮಕ್ಕೆ ಇಳಿದೆನಪ್ಪಾ ಅನ್ನಿಸುತ್ತದೆ. ಆಮೇಲೆ ಕಣ್ಣು ಬಿಟ್ಟರೆ, ಅಬ್ಬಬ್ಬಾ! ನೀರು ಎಷ್ಟು ತಿಳಿ ಎಂದರೆ ನನ್ನ ಉಸಿರಿನ ಗುಳ್ಳೆಗಳು ಹೋಗಿ ದೋಣಿಯ ತಳಕ್ಕೆ ಬಡಿಯುವುದು ಕಾಣುತ್ತದೆ. ತೆಂಗಿನ ಮರದೆತ್ತರದ ಕಂದು ಕಡಲಪಾಚಿ, ಹೂವಿನಂತೆ ಅರಳಿ ಮೀನು ಹಿಡಿದು ತಿನ್ನುವ ಬಿಳಿಯ ಪ್ರಾಣಿಗಳು, ತಟ್ಟೆಯಗಲದ ನಕ್ಷತ್ರಮೀನು. ಯಾವುದಕ್ಕೂ ಅವಸರವಿಲ್ಲ. ಊರಿನವರು ಬೆಚ್ಚನೆಯ ನೋಟದ ಕೋಣೆಗಳಲ್ಲಿ ಕುಳಿತು ಗೋಡೆಯ ಮೇಲೆ ಕಡಲು ನೋಡುತ್ತಾರೆ, ನನಗೆ ಹುಚ್ಚು ಎನ್ನುತ್ತಾರೆ. ಎನ್ನಲಿ.

ಅಲ್ಲೊಂದು ಬಂಡೆಯ ಬಿರುಕಿನಲ್ಲಿ ತಾಯಿ ಆಕ್ಟೋಪಸ್ ಮೊಟ್ಟೆಯಿಟ್ಟಿತ್ತು. ಇಷ್ಟು ತಣ್ಣೀರಿನಲ್ಲಿ ಮರಿಯಾಗಲು ನಾಲ್ಕು ವರ್ಷ ಬೇಕು. ಅಷ್ಟೂ ಕಾಲ ತಾಯಿ ಉಪವಾಸ ಕಾಯುತ್ತದೆ, ಆಮೇಲೆ ಸಾಯುತ್ತದೆ. ಕಿವಿಯ ತೊಂದರೆಯಿಂದ ಶೇವಂತಕ್ಕ ಒಮ್ಮೆಯೂ ಮುಳುಗಿದವಳಲ್ಲ. ನಾನು ಮೇಲೆ ಬಂದು ಮುಖಗವಸು ತೆಗೆಯುವ ಮೊದಲೇ "ಮರಿ ಆಯ್ತನೇ ದೇವ್ಕೀ?" ಎಂದು ಕೇಳುವಳು. ಇಲ್ಲವೆಂದರೆ, "ಆಗ್ತದೆ ತಗ, ಮೊದ್ಲು ಚಾ ಕುಡಿ" ಎನ್ನುವಳು. ನಾನು ಕೆಳಗಿನಿಂದ ಹಗ್ಗವನ್ನು ಒಮ್ಮೆ ಎಳೆದರೆ ಕ್ಷೇಮ ಎಂದರ್ಥ. ಅವಳೂ ಮರಳಿ ಒಮ್ಮೆ ಎಳೆಯಬೇಕು. ಎರಡು ಎಳೆದರೆ, ಮೇಲೆತ್ತು. ಮೂರು ಎಂಬುದು ನಾವಿಬ್ಬರೇ ಮಾಡಿಕೊಂಡದ್ದು: ಮರಿಯಾಯಿತು. ಅದನ್ನು ಬಳಸುವ ದಿನ ಬಂದೇ ಇರಲಿಲ್ಲ.

ಹೋದ ತಿಂಗಳು ಶೇವಂತಕ್ಕ ಜ್ವರದಲ್ಲಿ ತೀರಿಹೋದಳು. ಹಗ್ಗ ಹಿಡಿಯುವವರಿಲ್ಲದೆ ನೀರಿಗಿಳಿಯಬಾರದೆಂದು ಇಲ್ಲಿಯ ಕಟ್ಟಳೆ. ಮನೆಮನೆಗೂ ಹೋಗಿ ಕೇಳಿದೆ. ಚಳಿಯಲ್ಲಿ ಕೂರಲು ಯಾರೂ ಒಪ್ಪಲಿಲ್ಲ. ಇಂದು ಬೆಳಿಗ್ಗೆ, ಅವಳು ಕೂರುತ್ತಿದ್ದ ಹಲಗೆಗೇ ಹಗ್ಗ ಕಟ್ಟಿ ಒಬ್ಬಳೇ ಇಳಿದೆ.

ತಾಯಿ ಬಿಳಿಚಿಕೊಂಡು ಸತ್ತು ಬಿದ್ದಿತ್ತು. ಮೊಟ್ಟೆಗಳೆಲ್ಲ ಖಾಲಿ. ಬಿರುಕಿನ ಸುತ್ತ ಹೆಬ್ಬೆರಳುದ್ದದ ಮರಿಗಳು! ಒಂದು ನನ್ನ ಕೈಗವಸಿನ ಮೇಲೆ ಕುಳಿತು ಬಣ್ಣ ಬದಲಿಸಿತು. ಖುಷಿಯಲ್ಲಿ ಯೋಚಿಸದೆ ಹಗ್ಗವನ್ನು ಮೂರು ಬಾರಿ ಎಳೆದೆ. ಎಳೆದು ಕಾದೆ. ಮೇಲೆ ಯಾರೂ ಇಲ್ಲವೆಂದು ನೆನಪಾದದ್ದು ಆಮೇಲೆ. ನೀರಿನೊಳಗೇ ಅತ್ತುಬಿಟ್ಟೆ.

ಹೇಳಿಕೊಳ್ಳಲು ಇಲ್ಲಿ ಯಾರೂ ಇಲ್ಲ, ಅದಕ್ಕೇ ನಿಮಗೆ ಬರೆದೆ. ನಿಮ್ಮ ಕಾಲದಲ್ಲಿ ತಣ್ಣನೆಯ ಕಡಲು ಬೇಕಾದಷ್ಟಿದೆಯಂತೆ. ಧೈರ್ಯವಿದ್ದವರು ಒಮ್ಮೆ ಇಳಿಯಿರಿ. ಇಲ್ಲದವರು ಇಳಿಯುವವರ ಹಗ್ಗ ಹಿಡಿಯಿರಿ. ಸದ್ಯಕ್ಕೆ, ಇದನ್ನು ಓದಿ ಮುಗಿಸಿದಾಗ, ಕೈಗೆ ಸಿಕ್ಕ ದಾರವನ್ನೋ ಸೆರಗನ್ನೋ ಒಮ್ಮೆ ಎಳೆಯಿರಿ. ನನಗದು ತಿಳಿಯುವುದಿಲ್ಲ. ಆದರೂ ಎಳೆಯಿರಿ.

ಮರಿಯಾಯಿತು.