ಅವಳು ಏನೂ ಅನ್ನಲಿಲ್ಲ

ಶಿವಬಸವ ನಗರ, ಬೆಳಗಾವಿ
ಮಂಗಳವಾರ

ರಾಜಮತಿ ಅಜ್ಜಿಯವರಿಗೆ ಮುಗ್ಧಾಳ ನಮಸ್ಕಾರಗಳು.

ಖಾನಾಪುರದಿಂದ ನೀವು ಕಟ್ಟಿಕೊಟ್ಟ ಅವಲಕ್ಕಿ ಬಸ್ಸಿನಲ್ಲೇ ಮುಗಿಯಿತು. ಡಬ್ಬಿ ನನ್ನಲ್ಲಿ ಜೋಪಾನವಾಗಿದೆ.

ನಿಮ್ಮ ದಿವಂಗತ ಯಜಮಾನರ ‘ಸಂಜೆಯ ತಾಟು’ ಕಥೆಯನ್ನು ಶಾಲೆಯಲ್ಲಿ ಓದಿ ನಾನು ಅತ್ತಿದ್ದೆ. ಹೊತ್ತು ಮುಳುಗಿದ ಮೇಲೆ ಉಣ್ಣದ ಜೈನರ ಮನೆ. ಪೇಟೆಯಿಂದ ಗಂಡ ತಡವಾಗಿ ಬರುತ್ತಾನೆ, ಕಾದು ಕುಳಿತ ಹೆಂಡತಿಯೂ ಉಪವಾಸ ಉಳಿಯುತ್ತಾಳೆ. ಕೊನೆಯ ಸಾಲು, ‘ಅವಳು ಏನೂ ಅನ್ನಲಿಲ್ಲ.’ ಅದನ್ನು ಒಪೆರಾ ಮಾಡಹೊರಟಾಗ ಆ ಸಾಲೇ ತೊಡಕಾಯಿತು. ಎಲ್ಲರೂ ಹಾಡಿಯೇ ಮಾತಾಡುವ ನಾಟಕದಲ್ಲಿ ನಾಯಕಿಗೇ ಹಾಡಿಲ್ಲ!

ಆ ಹೆಂಡತಿ ನೀವೇ ಎಂದು ತಿಳಿದು, ಅಂದು ನಿಮ್ಮ ಮನಸ್ಸಿನಲ್ಲಿ ಏನಿತ್ತೆಂದು ಕೇಳಲು ಬಂದರೆ, ನೀವು ನಕ್ಕುಬಿಟ್ಟಿರಿ. “ಏನೂ ಅನ್ನಲಿಲ್ಲಂತ? ಅವತ್ತ ನಾ ಬೈದದ್ದು ಬಾಜೂ ಮನಿಗೂ ಕೇಳಿಸಿತ್ತವಾ! ಉಪಾಸ ಬಿದ್ದವ್ರು ಅವರು. ನಾ ಟೈಮಿಗೆ ಸರಿಯಾಗಿ ಉಂಡ ಕುಂತಿದ್ದೆ.” ಆಮೇಲೆ ಕಣ್ಣೊರೆಸಿಕೊಂಡು, “ಕಥಿ ಛಲೋ ಆಗ್ಲಿ ಅಂತ ನನ್ನ ಬಾಯಿ ಮುಚ್ಚಿಸ್ಯಾರ ನೋಡು” ಅಂದಿರಿ.

ಆ ಬೈಗುಳವನ್ನು ನೆನಪಿದ್ದಷ್ಟು ಬರೆದು ಕಳಿಸಿ. ದಯವಿಟ್ಟು ನಯಗೊಳಿಸಬೇಡಿ. ನಾಯಕಿಯ ಹಾಡಿಗಾಗಿ ಏಳು ನಿಮಿಷ ಖಾಲಿ ಇಟ್ಟಿದ್ದೇನೆ. ಗಂಡನ ಪಾತ್ರ ಮಾಡುವ ಹುಡುಗ ಗೌರವನಿಗೆ ಸುಮ್ಮನೆ ನಿಂತು ಕೇಳುವುದನ್ನು ಕಲಿಸುತ್ತಿದ್ದೇನೆ. ಅವನಿಗೆ ಅದೇ ಕಷ್ಟವಾಗಿದೆ.

ಮುಂದಿನ ತಿಂಗಳ ಮೊದಲ ರವಿವಾರ, ಮಧ್ಯಾಹ್ನ ಮೂರಕ್ಕೆ ಇಲ್ಲೇ ಬೆಳಗಾವಿಯ ಖಾಸಬಾಗದಲ್ಲಿ ಪ್ರಯೋಗ. ಐದರೊಳಗೆ ಮುಗಿಸುತ್ತೇವೆ. ಹೊತ್ತು ಮುಳುಗುವ ಮೊದಲು ನಿಮ್ಮ ಊಟ ನಮ್ಮ ಮನೆಯಲ್ಲಿ.

ಯಜಮಾನರ ಕೊನೆಯ ಸಾಲನ್ನು ತೆಗೆದಿಲ್ಲ. ನಿಮ್ಮ ಹಾಡು ಮುಗಿದ ಮೇಲೆ ಮೇಳದವರು ಅದನ್ನೇ ಹಾಡುತ್ತಾರೆ, ಒಂದು ಪದವನ್ನಷ್ಟೇ ಬದಲಿಸಿ:

‘ಅವನು ಏನೂ ಅನ್ನಲಿಲ್ಲ.’

ನಿಮ್ಮ ಡಬ್ಬಿಯೊಂದಿಗೆ ಕಾಯುತ್ತಿರುವ,
ಮುಗ್ಧಾ